ಫೂಲ್ಮತಿಯ ಕೈಗೆ ಬಂದ ಎರಡು ಮತ

ಮತದಾನದ ದಿನ ಫೂಲ್ಮತಿ ಮತ್ತು ಅವಳ ಗಂಡ ಕಾಂಪ್ಟನ್ ಒಂದೇ ಕೊಡೆಯಡಿ ಹೊರಟರೆಂದರೆ ರಸ್ತೆಯ ಇಕ್ಕೆಲದ ಮನೆಗಳಲ್ಲಿ ನಗು ಏಳುತ್ತಿತ್ತು. ಅವಳು ಹಿಂದೆ ಕಬ್ಬಿನ ಕೂಲಿಗೆ ಬಂದ ಇಂಡಿಯನ್ನರ ವಂಶದ ಮಗಳು, ಅವಳ ಮತ ಇಂಡಿಯನ್ನರ ಪಕ್ಷಕ್ಕೆ. ಅವನು ಕಪ್ಪು ಜನರ ಮಗ, ಅವನ ಮತ ಕಪ್ಪು ಜನರ ಪಕ್ಷಕ್ಕೆ. ಇದನ್ನು ಯಾರೂ ಅವರನ್ನು ಕೇಳಿ ತಿಳಿಯಬೇಕಾಗಿರಲಿಲ್ಲ. ದಕ್ಷಿಣ ಅಮೆರಿಕದ ಗಯಾನಾದಲ್ಲಿ, ಅದರಲ್ಲೂ ಬರ್ಬೀಸ್ ಕರಾವಳಿಯಲ್ಲಿ, ಮುಖ ನೋಡಿದರೆ ಮತ ಗೊತ್ತಾಗಿಬಿಡುತ್ತದೆ.

"ಇಬ್ರೂ ಮನೇಲೇ ಕೂತಿದ್ರೂ ಲೆಕ್ಕ ಅದೇ ಆಗ್ತಿತ್ತಲ್ಲ ಕಾಂಪ್ಟನ್," ಎಂದು ರಮ್ ಅಂಗಡಿಯ ಜಗಲಿಯಿಂದ ಯಾರಾದರೂ ಛೇಡಿಸುತ್ತಿದ್ದರು. "ನಿಂದು ಒಂದು, ಅವಳದು ಒಂದು, ಕಳೆದ್ರೆ ಸೊನ್ನೆ. ಬಿಸಿಲಲ್ಲಿ ಯಾಕೆ ಬೇಯ್ತೀರ?"

"ಸೊನ್ನೆ ಆದ್ರೂ ಹೆಂಡ್ತಿ ಜೊತೆ ಒಂದು ಸುತ್ತು ಹೋಗಿ ಬಂದ ಹಾಗಾಗುತ್ತೆ," ಎನ್ನುತ್ತಿದ್ದ ಕಾಂಪ್ಟನ್. "ನಿನ್ನ ಹೆಂಡ್ತಿ ನಿನ್ನ ಜೊತೆ ಗೇಟಿನ ತನಕಾನೂ ಬರಲ್ಲ."

ಫೂಲ್ಮತಿ ಸೆರಗಿಲ್ಲದ ಫ್ರಾಕಿನ ಕಾಲರಿನಲ್ಲಿ ಮುಖ ಮರೆಸಿಕೊಂಡು ನಗುತ್ತಿದ್ದಳು. ಕೊಡೆ ಯಾವಾಗಲೂ ಅವಳ ಕಡೆಗೇ ವಾಲಿರುತ್ತಿತ್ತು. ಅವನ ಎಡಭುಜ ಬಿಸಿಲಿಗೆ ಬಿಟ್ಟಿದ್ದು.

ಅವಳು ಹುಟ್ಟಿದ್ದು ಕಾನ್‌ಸ್ಟನ್ಸ್ ಎಂಬ ಕಬ್ಬಿನ ಎಸ್ಟೇಟಿನ ಕೂಲಿ ಸಾಲುಮನೆಯಲ್ಲಿ. ಅಪ್ಪ ರಾಮ್‌ಕರಣ್ ಸಲಿಕೆ ಹಿಡಿದು ಕಾಲುವೆ ತೋಡುವವನು. ಹದಿನೇಳಕ್ಕೆ ಅವಳು ಕಳೆ ಕೀಳುವ ಹೆಂಗಸರ ಗುಂಪಿಗೆ ಸೇರಿದಳು. ಕಾಂಪ್ಟನ್ ಪಕ್ಕದ ಕಪ್ಪು ಜನರ ಊರು ಹೋಪ್‌ಡೇಲಿನವನು, ಕಬ್ಬು ಕಡಿಯುವವನು. ಇಬ್ಬರೂ ಒಂದೇ ಹೊಲದಲ್ಲಿ ದುಡಿದರೂ ಮಾತಿರಲಿಲ್ಲ. ಒಂದು ದಿನ ಕತ್ತಿ ಜಾರಿ ಅವಳ ಪಾದ ಸೀಳಿತು. ಗುಂಪಿನ ಹೆಂಗಸರು ಅತ್ತ ಇತ್ತ ಓಡುತ್ತಿರುವಾಗ ಅವನು ಏನೂ ಕೇಳದೆ ಅವಳನ್ನು ಬೆನ್ನಿಗೆ ಹಾಕಿಕೊಂಡು, ಒಡ್ಡಿನ ಉದ್ದಕ್ಕೂ ನಡೆದು, ಎಸ್ಟೇಟಿನ ಔಷಧಾಲಯದ ಮೆಟ್ಟಿಲ ಮೇಲೆ ಇಳಿಸಿದ. ಆ ಒಡ್ಡಿನ ಮೇಲೆ ಅರ್ಧ ಕಾನ್‌ಸ್ಟನ್ಸ್ ನಿಂತು ನೋಡಿತ್ತು.

"ಆವಾಗ ನೀನು ಏನು ಯೋಚಿಸ್ತಿದ್ದೆ?" ಎಂದು ಮದುವೆಯಾದ ಮೇಲೆ ಅವಳು ಕೇಳಿದ್ದಳು.

"ಈ ಹುಡುಗಿ ನೋಡೋಕೆ ಕಡ್ಡಿ ಹಾಗಿದಾಳೆ, ತೂಕ ಇಷ್ಟು ಎಲ್ಲಿಂದ ಬಂತು ಅಂತ."

ಮದುವೆಯನ್ನು ಎರಡೂ ಕಡೆಯವರು ಒಪ್ಪಲಿಲ್ಲ. ರಾಮ್‌ಕರಣ್ ಕೂಗಾಡಲಿಲ್ಲ, ಹೊಡೆಯಲಿಲ್ಲ. ಮಗಳ ಬಟ್ಟೆಗಳನ್ನು ಮಡಚಿ ಹಿಟ್ಟಿನ ಚೀಲದಲ್ಲಿ ತುಂಬಿ ಬಾಗಿಲ ಹೊರಗಿಟ್ಟು, ಅಂದಿನಿಂದ ಮಾತು ನಿಲ್ಲಿಸಿದ. ಕಾಂಪ್ಟನ್ನನ ತಾಯಿ ಮಿಸ್ ಇಸ್ಮೇ, "ನಮ್ಮ ಮನೆ ಸುಟ್ಟ ಜನ ಅವರು," ಎಂದಷ್ಟೇ ಹೇಳಿದಳು. ಆದರೆ ಸೊಸೆ ಬಾಗಿಲಲ್ಲಿ ನಿಂತಾಗ ಹೊರಗೆ ಹಾಕಲಿಲ್ಲ. ತಿಂಗಳೊಳಗೆ ಅವಳಿಗೆ ಅನ್ನ, ಅಲಸಂದೆ, ತೆಂಗಿನ ಹಾಲು ಒಂದೇ ಪಾತ್ರೆಯಲ್ಲಿ ಬೇಯಿಸುವುದನ್ನು ಕಲಿಸಿದಳು. ಗಂಡಹೆಂಡಿರು ಎರಡೂ ಊರುಗಳ ನಡುವೆ, ಕಾಲುವೆಯ ಬದಿಯಲ್ಲಿ, ಕಂಬಗಳ ಮೇಲೆ ಒಂದು ಮರದ ಮನೆ ಕಟ್ಟಿಕೊಂಡರು. ಮಕ್ಕಳಾಗಲಿಲ್ಲ. ಅದಕ್ಕೂ ಜನ ತಮತಮಗೆ ತೋಚಿದ ಕಾರಣ ಹೇಳಿಕೊಂಡರು.

ಮದುವೆಯ ನಂತರದ ಮೊದಲ ಚುನಾವಣೆಯಲ್ಲಿ ಶಾಲೆಯ ಅಂಗಳದ ಸಾಲಿನಲ್ಲಿ ನಿಂತಿದ್ದಾಗ ಫೂಲ್ಮತಿಯ ಮುಂದೆ ನಾಲ್ಕೈದು ಜನರಾಚೆ ಅಪ್ಪ ಇದ್ದ. ಅವನ ಕತ್ತಿನ ಹಿಂಭಾಗ, ಬಿಸಿಲಿಗೆ ಸುಟ್ಟ ಆ ಗೆರೆಗಳನ್ನು ಅವಳು ನೋಡುತ್ತಲೇ ಇದ್ದಳು. ಸಾಲು ಸರಿಯುವಾಗ ಅವನು ತಿರುಗಿದ.

"ಬಂದ್ಯಾ?"

"ಬಂದೆ ಪಾ."

ಅಷ್ಟೇ. ಅವನು ಮತ್ತೆ ಮುಂದಕ್ಕೆ ತಿರುಗಿಕೊಂಡ. ಐದು ವರ್ಷ ಕಳೆದು ಅದೇ ಅಂಗಳದಲ್ಲಿ, "ಬಂದ್ಯಾ? ಸಣ್ಣಗಾಗಿದೀಯ," ಎಂದ. ಅದರ ಮುಂದಿನ ಸಲ ಕೋಲೂರಿಕೊಂಡು ಬಂದಿದ್ದ. ಅವಳ ಕೈ ಹಿಡಿದು ಮೆಟ್ಟಿಲೇರಿದ, ಇಳಿಯುವಾಗ ಕೈ ಬಿಟ್ಟ. ಆ ವರ್ಷವೇ ತೀರಿಕೊಂಡ. ಮಗಳು ಯಾರನ್ನು ಕಟ್ಟಿಕೊಂಡರೂ ಮತ ಮಾತ್ರ ತನ್ನ ಜೊತೆಗೇ ಹಾಕುತ್ತಾಳೆ ಎಂದು ಅವನಿಗೆ ನಂಬಿಕೆಯಿತ್ತೆಂದು ಅವಳಿಗೆ ಗೊತ್ತಿತ್ತು. ಅವನ ಮಗಳಾಗಿ ಉಳಿಯಲು ಅವಳಿಗೆ ಉಳಿದಿದ್ದ ದಾರಿ ಅದೊಂದೇ. ಅವನು ಹೋದ ಮೇಲೂ ಪೆನ್ಸಿಲ್ ಹಿಡಿದ ಕೈ ತಾನಾಗಿಯೇ ಅಲ್ಲಿಗೇ ಹೋಗುತ್ತಿತ್ತು. ಪಕ್ಷ ಏನು ಮಾಡಿದೆ, ಏನು ಮಾಡಿಲ್ಲ ಎಂದು ಅವಳು ಒಮ್ಮೆಯೂ ಯೋಚಿಸಿರಲಿಲ್ಲ.

ಕಾಂಪ್ಟನ್ ಇದನ್ನು ಬಲ್ಲ. ಯಾವತ್ತೂ ಅವಳಿಗೆ, ಇಂಥವರಿಗೆ ಹಾಕು ಎನ್ನಲಿಲ್ಲ.

ಅವರಿಬ್ಬರ ತಲೆ ನರೆಯುವ ಹೊತ್ತಿಗೆ ಕಪ್ಪು ಜನರ ಪಕ್ಷ ಮತ್ತೆ ಅಧಿಕಾರಕ್ಕೆ ಬಂತು. ಒಂದೆರಡು ವರ್ಷದಲ್ಲಿ, ನಷ್ಟದಲ್ಲಿದೆ ಎಂದು, ಸರ್ಕಾರ ತನ್ನದೇ ಆದ ಕಾನ್‌ಸ್ಟನ್ಸ್ ಎಸ್ಟೇಟನ್ನು ಮುಚ್ಚಿತು. ಬೆಳಿಗ್ಗೆ ಕತ್ತಿ ಮಸೆದುಕೊಂಡು ಹೋದವರು ಗೇಟಿನ ಚೀಟಿ ಓದಿ ವಾಪಸು ಬಂದರು. ಕಾಂಪ್ಟನ್ನನ ಕೆಲಸ ಹೋಯಿತು. ಎಸ್ಟೇಟಿನ ಟ್ರ್ಯಾಕ್ಟರ್ ಓಡಿಸುತ್ತಿದ್ದ ಫೂಲ್ಮತಿಯ ತಮ್ಮ ದೇವ್‌ನಾರಾಯಣನದೂ ಹೋಯಿತು. ಅಪ್ಪ ಸತ್ತ ಮೇಲೆ ದೇವ್ ಅಕ್ಕನ ಮನೆಗೆ ಬಂದುಹೋಗುತ್ತಿದ್ದ, ಆದರೆ ಭಾವನನ್ನು ಹೆಸರು ಹಿಡಿದೇ ಕರೆಯುತ್ತಿದ್ದ. ಮೊದಲು ರೊಟ್ಟಿ ಅಂಗಡಿ ಮುಚ್ಚಿತು, ಆಮೇಲೆ ಸೈಕಲ್ ರಿಪೇರಿಯವನು ಊರು ಬಿಟ್ಟ. ಕಬ್ಬಿನ ಹೊಲಗಳಲ್ಲಿ ಆಳೆತ್ತರ ಹುಲ್ಲು ಬೆಳೆಯಿತು. ಫೂಲ್ಮತಿ ಮಾವಿನಕಾಯಿ ಉಪ್ಪಿನಕಾಯಿ ಹಾಕಿ, ಮನೆಯ ಕೆಳಗೆ ಕಂಬಗಳ ನಡುವಿನ ನೆರಳಲ್ಲಿ ಬೆಂಚಿಟ್ಟು ಮಾರತೊಡಗಿದಳು.

ಅದೇ ಕಾಲಕ್ಕೆ ಕಾಂಪ್ಟನ್ನನ ಕಣ್ಣು ಹೋಗತೊಡಗಿತು. ಅವನಿಗೆ ಸಕ್ಕರೆ ಕಾಯಿಲೆಯಿತ್ತು. ಮೊದಮೊದಲು ಮುಚ್ಚಿಟ್ಟ. ಒಂದು ಬೆಳಿಗ್ಗೆ ಚಹಾವನ್ನು ಲೋಟದ ಪಕ್ಕಕ್ಕೆ ಸುರಿದು, ಮೇಜೆಲ್ಲ ಹರಿಯುತ್ತಿದ್ದರೂ ಗೊತ್ತಾಗದೆ ನಗುತ್ತ ಮಾತಾಡುತ್ತಿದ್ದ. ಫೂಲ್ಮತಿ ಬಟ್ಟೆ ತಂದು ಒರೆಸಿದಳು. ಅವನಿಗೂ ಅರ್ಥವಾಯಿತು. ವರ್ಷ ತುಂಬುವುದರೊಳಗೆ ಅವನಿಗೆ ಬೆಳಕು ಯಾವುದು ಕತ್ತಲು ಯಾವುದು ಎಂಬುದಷ್ಟೇ ತಿಳಿಯುತ್ತಿತ್ತು.

ಚುನಾವಣೆ ಹತ್ತಿರ ಬಂದಾಗ ಆ ಬೆಂಚಿನ ಸುತ್ತ ದಿನಾ ಸಂಜೆ ಅದೇ ಜಗಳ. ಒಂದು ಕಡೆ ದೇವ್, ಇನ್ನೊಂದು ಕಡೆ ಕಾಂಪ್ಟನ್ನನ ಬಾಲ್ಯದ ಗೆಳೆಯ ವಿಲ್ಮಟ್. ಅವನೂ ಎಸ್ಟೇಟಿನಲ್ಲಿ ಕಬ್ಬು ಕಡಿದು ಈಗ ಬರಿಗೈಯಲ್ಲಿದ್ದ.

"ಈ ಸಲ ಹೋಪ್‌ಡೇಲಿನೋರೂ ನಮ್ಮ ಪಕ್ಷಕ್ಕೇ ಹಾಕ್ಬೇಕು," ಎಂದ ದೇವ್. "ಗೆದ್ರೆ ಎಸ್ಟೇಟು ತೆರೀತೀವಿ ಅಂದಿದಾರೆ. ನಿಮ್ಮ ಸರ್ಕಾರಾನೇ ನಿಮ್ಮ ಹೊಟ್ಟೆಗೆ ಹೊಡೀತು. ಇನ್ನೂ ಬಣ್ಣ ನೋಡ್ಕೊಂಡು ಕೂತ್ರೆ ನಿಮ್ಮಂಥ ಪೆದ್ದರಿಲ್ಲ."

"ನೀನು ಯಾವಾಗ ಬಣ್ಣ ಬಿಟ್ಟು ಹೊಟ್ಟೆ ನೋಡಿದ್ದೆ ಹೇಳು," ಎಂದ ವಿಲ್ಮಟ್. "ನಿಮ್ಮೋರು ಅಷ್ಟು ವರ್ಷ ಇದ್ರಲ್ಲ, ಆಗಲೂ ಸಂಬಳ ಸಾಲ್ದು ಅಂತ ಮುಷ್ಕರಕ್ಕೆ ಕೂತಿದ್ದೆ. ಮುಷ್ಕರ ಮುಗಿಸಿ ಎದ್ದು ಹೋಗಿ ಅವರಿಗೇ ಓಟು ಹಾಕ್ದೆ."

"ಅದು ಬೇರೆ."

"ಹೌದು, ನಿಂದು ಯಾವಾಗ್ಲೂ ಬೇರೆ."

ಕಾಂಪ್ಟನ್ ಮಂಚದಂತೆ ಕಟ್ಟಿದ ಬಲೆಯ ಉಯ್ಯಾಲೆಯಲ್ಲಿ ಮಲಗಿ ಕೇಳುತ್ತಿದ್ದ. ಫೂಲ್ಮತಿ ಇಬ್ಬರಿಗೂ ಉಪ್ಪಿನಕಾಯಿ ಹೋಳು ಕೊಟ್ಟು ಬಾಯಿ ಮುಚ್ಚಿಸುತ್ತಿದ್ದಳು. ಆ ರಾತ್ರಿ ಊಟದ ಹೊತ್ತಿಗೆ ಅವಳು ಕೇಳಿದಳು:

"ಕಾಂಪಿ, ಈ ಸಲಾನೂ ನಿಮ್ಮೋರಿಗೇನಾ?"

ಅವನು ತಟ್ಟೆ ತಡವಿ ಉಳಿದ ಅನ್ನವನ್ನು ಒಟ್ಟುಗೂಡಿಸಿದ. "ಹೂಂ," ಎಂದ ಕೊನೆಗೆ. "ಬೈಕೊಂಡೇ ಹಾಕ್ತೀನಿ. ಆದ್ರೆ ಅವರಿಗೇ."

ಮತದಾನದ ಬೆಳಿಗ್ಗೆ ಇಂಡಿಯನ್ನರ ಪಕ್ಷದ ಕಾರೊಂದು ಮನೆಯ ಮುಂದೆ ನಿಂತಿತು. ಒಳಗಿದ್ದವನು ತಲೆ ಹೊರಗೆ ಹಾಕಿ, "ಹತ್ತಿ ಆಂಟಿ. ಅಂಕಲ್‌ಗೆ ಯಾಕೆ ಸುಮ್ನೆ ತೊಂದ್ರೆ, ಕಣ್ಣು ಬೇರೆ ಕಾಣಲ್ಲ, ಮನೇಲಿ ಆರಾಮಾಗಿ ಇರ್ಲಿ," ಎಂದ. ಅವಳು ಬರುವುದಿಲ್ಲ ಎಂದಳು. ಅದು ಹೋಗಿ ಸ್ವಲ್ಪ ಹೊತ್ತಿಗೆ ಇನ್ನೊಂದು ಪಕ್ಷದ ವ್ಯಾನು ಬಂತು. "ಅಂಕಲ್‌ನ ನಾವು ಹುಷಾರಾಗಿ ಕರ್ಕೊಂಡು ಹೋಗ್ತೀವಿ ಆಂಟಿ. ನಿಮಗೆ ಮಾತ್ರ ಸೀಟಿಲ್ಲ, ನೋಡಿ, ತುಂಬಿಬಿಟ್ಟಿದೆ." ವ್ಯಾನಿನಲ್ಲಿ ಡ್ರೈವರ್ ಬಿಟ್ಟರೆ ಯಾರೂ ಇರಲಿಲ್ಲ.

"ಏನು ಕಾಣ್ತಿದೆ ಫೂಲೋ?" ಎಂದು ಕಾಂಪ್ಟನ್ ಮೆಲ್ಲಗೆ ಕೇಳಿದ.

"ಖಾಲಿ ವ್ಯಾನು."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಇಬ್ಬರೂ ನಡೆದೇ ಹೊರಟರು. ಈ ಸಲ ಕೊಡೆ ಅವಳ ಕೈಯಲ್ಲಿ, ಅವನ ಕೈ ಅವಳ ಭುಜದ ಮೇಲೆ. ರಮ್ ಅಂಗಡಿಯ ಜಗಲಿಯಿಂದ ಯಾರೂ ಛೇಡಿಸಲಿಲ್ಲ. ಅದೇ ಅವಳಿಗೆ ಕಸಿವಿಸಿಯಾಯಿತು.

ಶಾಲೆಯ ಕೊಠಡಿಯಲ್ಲಿ ಮತಗಟ್ಟೆಯ ಅಧಿಕಾರಿಣಿ, ಕನ್ನಡಕದ ಹೆಂಗಸು, ಕಾಂಪ್ಟನ್ನನ ಮುಖ ನೋಡಿ, "ಕಣ್ಣು ಕಾಣದವರು ತಮಗೆ ನಂಬಿಕೆ ಇರೋ ಒಬ್ಬರಿಂದ ಗುರುತು ಹಾಕಿಸ್ಬಹುದು. ಯಾರನ್ನ ಕರೀತೀರಿ?" ಎಂದಳು.

ಗೋಡೆಯ ಪಕ್ಕ ಎರಡೂ ಪಕ್ಷದ ಏಜೆಂಟರು ಕುಳಿತಿದ್ದರು. ಕಪ್ಪು ಜನರ ಪಕ್ಷದ ಏಜೆಂಟ್ ಹೋಪ್‌ಡೇಲ್ ಚರ್ಚಿನ ಮಿಸ್ ಯೂಲಲಿ. ಕಾಂಪ್ಟನ್ನನನ್ನು ಚಿಕ್ಕಂದಿನಿಂದ ಕಂಡವಳು. ಅವಳು ಎದ್ದೇಬಿಟ್ಟಳು.

"ಕಾಂಪ್ಟನ್, ಕೇಳಿಲ್ಲಿ. ಹೊರಗೆ ವಿಲ್ಮಟ್ ಇದಾನೆ, ಅವನನ್ನ ಕರೆಸ್ತೀನಿ. ತಪ್ಪು ತಿಳ್ಕೋಬೇಡ ಫೂಲ್ಮತಿ, ನಿನ್ನ ಮೇಲೆ ನಂಗೆ ಏನೂ ಇಲ್ಲ. ಆದ್ರೆ ನೀನು ಯಾರ ಪೈಕಿ ಅನ್ನೋದು ಎಲ್ರಿಗೂ ಗೊತ್ತು."

ಫೂಲ್ಮತಿಯ ಕಿವಿ ಬಿಸಿಯಾಯಿತು. ಇನ್ನೊಬ್ಬ ಏಜೆಂಟ್, ಇಂಡಿಯನ್ನರವನು, ತುಟಿಯಂಚಿನಲ್ಲಿ ನಗುತ್ತಿದ್ದುದನ್ನು ಅವಳು ಕಂಡಳು. ಮಿಸ್ ಯೂಲಲಿಯ ಮಾತಿಗಿಂತ ಆ ನಗು ಹೆಚ್ಚು ಚುಚ್ಚಿತು.

"ನನ್ನ ಹೆಂಡ್ತಿ ಹಾಕ್ತಾಳೆ ಮಿಸ್ ಯೂಲಲಿ," ಎಂದ ಕಾಂಪ್ಟನ್. ಅಧಿಕಾರಿಣಿಯ ಕಡೆಗೆಂದುಕೊಂಡು ಅವನು ಖಾಲಿ ಗೋಡೆಯ ಕಡೆ ಮುಖ ಮಾಡಿದ್ದ. "ಬರ್ಕೊಳ್ಳಿ. ಫೂಲ್ಮತಿ ಅಡೋನಿಸ್, ನಮ್ಮ ಮನೆತನದ ಹೆಸರೇ."

ರಟ್ಟಿನ ಮರೆಯ ಹಿಂದೆ ಇಬ್ಬರೂ ನಿಂತರು. ಮೊದಲು ಅವನ ಕಾಗದ. ಫೂಲ್ಮತಿ ಪೆನ್ಸಿಲ್ ಎತ್ತಿಕೊಂಡಳು. ಅವನು ಅವಳ ಪಕ್ಕದಲ್ಲಿ ಚರ್ಚಿನಲ್ಲಿ ನಿಲ್ಲುವ ಹಾಗೆ ಕೈ ಕಟ್ಟಿಕೊಂಡು ನಿಂತಿದ್ದ. ಗೇಟು ಮುಚ್ಚಿದ ಬೆಳಿಗ್ಗೆ ಮಸೆದ ಕತ್ತಿಯನ್ನು ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ ಇವನ ಮುಖ ಅವಳ ಕಣ್ಮುಂದೆ ಬಂತು. ದೇವ್‌ನ ಮಕ್ಕಳು ಶಾಲೆ ಬಿಟ್ಟದ್ದು ನೆನಪಾಯಿತು. ಇಲ್ಲಿ ಗುರುತು ಸ್ವಲ್ಪ ಆಚೆ, ತನ್ನ ಪಕ್ಷದ ಎದುರು ಹಾಕಿದರೆ ಎಸ್ಟೇಟು ತೆರೆದೀತು, ಇವನಿಗೂ ಅದರಿಂದ ಒಳ್ಳೆಯದೇ, ಗೊತ್ತೂ ಆಗುವುದಿಲ್ಲ ಎಂದು ಮನಸ್ಸು ಹೇಳಿತು. ಇವನ ಒಳ್ಳೆಯದಕ್ಕೇ ಎಂಬ ಆ ಮಾತು ಬಂದದ್ದೇ ಅವಳಿಗೆ ನಾಚಿಕೆಯಾಯಿತು. ಇವನನ್ನು ಮದುವೆಯಾಗಬೇಡ ಎಂದು ಊರಿನವರೆಲ್ಲ ಅವಳಿಗೆ ಹೇಳಿದ್ದೂ ಅವಳ ಒಳ್ಳೆಯದಕ್ಕೇ.

ಅವಳು ಅವನ ಪಕ್ಷದ ಚಿಹ್ನೆಯ ಎದುರು ಗುರುತು ಹಾಕಿದಳು. ಗೆರೆ ಹೊರಗೆ ಹೋಗದ ಹಾಗೆ, ಮತ ಕೆಡದ ಹಾಗೆ, ತನ್ನದಕ್ಕಿಂತ ಜೋಪಾನವಾಗಿ ಹಾಕಿದಳು. ಆಮೇಲೆ ತನ್ನ ಕಾಗದ ಬಿಡಿಸಿ, ಅಪ್ಪನ ಪಕ್ಷಕ್ಕೆ ಗುರುತು ಹಾಕಿದಳು. ಇಬ್ಬರೂ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಹೊರಬಂದರು.

ದಾರಿಯುದ್ದಕ್ಕೂ ಅವನು ಕೇಳುತ್ತಾನೆಂದು ಅವಳು ಕಾದಳು. ಅವನು ಮಧ್ಯಾಹ್ನಕ್ಕೆ ಮೀನು ಸಿಕ್ಕೀತೇ ಎಂದ. ಚರ್ಚಿನ ಹೊಸ ಪಾದ್ರಿಯ ಸ್ವರ ಒಡೆದ ಗಂಟೆಯ ಹಾಗಿದೆ ಎಂದ. ಮನೆಯ ಮೆಟ್ಟಿಲಿಗೆ ಬಂದಾಗ ಅವಳಿಗೇ ತಡೆಯಲಾಗಲಿಲ್ಲ.

"ಎಲ್ಲಿ ಹಾಕ್ದೆ ಅಂತ ಕೇಳಲ್ವಾ?"

"ಯಾಕೆ ಕೇಳ್ಲಿ? ದಿನಾ ಮೀನಿನ ಮುಳ್ಳು ತೆಗೆದು ಬಾಯಿಗೆ ಕೊಡ್ತೀಯ. ತುತ್ತು ತುತ್ತಿಗೂ ಮುಳ್ಳಿದ್ಯಾ ಅಂತ ಕೇಳ್ತೀನಾ?"

ಅವಳು ಕೊಡೆ ಮಡಚುವ ನೆಪದಲ್ಲಿ ಸ್ವಲ್ಪ ಹೊತ್ತು ಕೆಳಗೇ ನಿಂತಳು.

ಸುದ್ದಿ ದೇವ್‌ಗೆ ಮುಟ್ಟಲು ಸಂಜೆಯೂ ಆಗಲಿಲ್ಲ. ಅವನು ಬಂದವನು ಕೂರಲೂ ಇಲ್ಲ.

"ದೀದಿ, ಅವನದ್ದೂ ನೀನೇ ಹಾಕಿದ್ಯಂತೆ. ಯಾರಿಗೆ ಹಾಕ್ದೆ?"

"ಅವನ ಮತ, ಅವನು ಹೇಳಿದವರಿಗೆ."

"ಎರಡು ಮತ ನಿನ್ನ ಕೈಲಿತ್ತು. ನನ್ನ ಮಕ್ಕಳ ಮುಖ ನೆನಪಾಗ್ಲಿಲ್ವಾ?"

"ನೆನಪಾಯ್ತು. ಅದಕ್ಕೇ ನಂದನ್ನ ನಿಮಗೆ ಹಾಕ್ದೆ. ಅವನದ್ದನ್ನ ಕದ್ದು ಹಾಕು ಅಂತೀಯಾ?"

ದೇವ್ ಬಂದ ದಾರಿಗೇ ತಿರುಗಿ ಹೋದ. ದಿನ ಕಳೆಯಿತು, ವಾರಗಳು ಕಳೆದವು, ಈ ಕಡೆ ಹಾಯಲಿಲ್ಲ. ಅಪ್ಪನ ಮೌನವನ್ನು ಉಂಡವಳಿಗೆ ಈ ಮೌನದ ರುಚಿ ಗೊತ್ತಿತ್ತು. ಬೆಂಚಿನ ಮೇಲೆ ಅವನ ಜಾಗ ಖಾಲಿಯಿರುವುದನ್ನು ನೋಡಲಾರದೆ ಅಲ್ಲಿ ಉಪ್ಪಿನಕಾಯಿ ಜಾಡಿಗಳನ್ನು ಜೋಡಿಸಿದಳು.

ಇತ್ತ ಎಣಿಕೆ ಮುಗಿಯಲಿಲ್ಲ. ಇವರು ಗೆದ್ದರೆಂದು ಒಂದು ದಿನ, ಅವರು ಗೆದ್ದರೆಂದು ಮರುದಿನ. ಊರುಗಳಲ್ಲಿ ಸಿಟ್ಟು ಹೊಗೆಯಾಡತೊಡಗಿತು. ಒಂದು ಮಧ್ಯಾಹ್ನ ಹೋಪ್‌ಡೇಲಿನ ತಿರುವಿನಲ್ಲಿ ಟೈರು ಸುಟ್ಟು ರಸ್ತೆ ತಡೆದರು. ಕಾನ್‌ಸ್ಟನ್ಸ್ ಕಡೆಯ ಯುವಕರು ಕೋಲು ಹಿಡಿದು ಕಾಲುವೆಯ ಆಚೆ ಗುಂಪುಗೂಡಿದರು. ನಡುವೆ ಇದ್ದದ್ದು ಇವರ ಮನೆ. ಫೂಲ್ಮತಿ ಜಾಡಿಗಳನ್ನು ಒಳಗಿಟ್ಟು, ಗಂಡನನ್ನು ಮೇಲಕ್ಕೆ ಹತ್ತಿಸಿ, ಕಿಟಕಿಯ ಹಲಗೆ ಎಳೆದಳು. ಟೈರಿನ ಹೊಗೆ ಒಳಕ್ಕೂ ಬಂತು.

ಸಂಜೆಯಾಗುವ ಮುಂಚೆ ಹಿಂಬದಿಯ ಒಡ್ಡಿನಲ್ಲಿ ಯಾರೋ ನಡೆದು ಬರುವ ಸದ್ದಾಯಿತು. ದೇವ್. ಕೈಯಲ್ಲಿ ಕತ್ತಿಯಿತ್ತು. ಮನೆಯ ಕೆಳಗೆ ಬೆಂಚಿನ ಮೇಲೆ ಬಂದು ಕೂತು, ಕತ್ತಿಯನ್ನು ಮೊಣಕಾಲ ಮೇಲಿಟ್ಟುಕೊಂಡ. "ಅಲ್ಲಿ ನಮ್ಮ ಹುಡುಗರು ಆ ಕುರುಡನ ಮನೆ ಅಂತ ಏನೋ ಮಾತಾಡ್ತಿದ್ರು," ಎಂದ, ಇಳಿದು ಬಂದ ಅಕ್ಕನ ಮುಖ ನೋಡದೆ. "ಬರ್ಲಿ, ನೋಡ್ತೀನಿ."

ಅವನು ಕೂತು ಹತ್ತು ನಿಮಿಷವಾಗಿರಲಿಲ್ಲ, ಮುಂಬದಿಯಿಂದ ವಿಲ್ಮಟ್ ಬಂದ. ಅವನ ಕೈಯಲ್ಲೂ ಕತ್ತಿ. ದೇವ್ ಥಟ್ಟನೆ ಎದ್ದ, ವಿಲ್ಮಟ್ ಗಕ್ಕನೆ ನಿಂತ.

"ನೀನು ಯಾಕೆ ಬಂದೆ?" ಎಂದ ದೇವ್.

"ನಮ್ಮ ಕಡೆಯವರಿಗೆ ತಲೆ ಕೆಟ್ಟಿದೆ. ಫೂಲ್ಮತಿ ಮೇಲೆ ಕೈ ಮಾಡಿದ್ರೆ ಅಂತ ಬಂದೆ. ನೀನು?"

"ನಾನು ಅವನಿಗೋಸ್ಕರ ಬಂದೆ."

ಮೇಲಿಂದ ಕಾಂಪ್ಟನ್ನನ ಸ್ವರ ಕೇಳಿತು: "ಕತ್ತಿಗಳನ್ನ ಮೂಲೇಲಿಟ್ಟು ಡಾಮಿನೋ ಹರಡ್ರಪ್ಪಾ. ಯಾರಾದ್ರೂ ಬಂದ್ರೆ ಆಮೇಲೆ ನೋಡೋಣ."

ಯಾರೂ ಬರಲಿಲ್ಲ. ದೀಪ ಹಚ್ಚಿಕೊಂಡು ನಾಲ್ವರೂ ಕೆಳಗೇ ಕುಳಿತರು. ವಿಲ್ಮಟ್ ಡಾಮಿನೋ ಬಿಲ್ಲೆಗಳ ಚುಕ್ಕಿಗಳನ್ನು ಕಾಂಪ್ಟನ್ನನಿಗೆ ಓದಿ ಹೇಳುತ್ತಿದ್ದ, ನಡುನಡುವೆ ಮೋಸವನ್ನೂ ಮಾಡುತ್ತಿದ್ದ. ಆಟದ ಮಧ್ಯೆ ದೇವ್ ಬಿಲ್ಲೆ ಕೆಳಗಿಟ್ಟ.

"ಒಂದು ಕೇಳ್ತೀನಿ, ಸಿಟ್ಟಾಗಬೇಡ. ಗೇಟು ಮುಚ್ಚಿದ್ದು ಅವರೇ. ಆದ್ರೂ ಅವರಿಗೇ ಹಾಕ್ಸಿದೆ. ನಮ್ಮನ್ನ ಕಂಡ್ರೆ ಅಷ್ಟು ದ್ವೇಷಾನಾ?"

ಕಾಂಪ್ಟನ್ ತಡವರಿಸುತ್ತ ಮಾತು ಹುಡುಕಿದ. "ನಾನು ಆರು ವರ್ಷದೋನು, ನಮ್ಮೋರು ನಿಮ್ಮೋರು ಹೊಡೆದಾಡಿದ ಗಲಾಟೆ ವರ್ಷ. ನಮ್ಮ ಮನೆಗೆ ಬೆಂಕಿ ಇಟ್ರು. ಅಮ್ಮ ಹೊಲಿಗೆ ಮಷೀನನ್ನ ತಲೆ ಮೇಲಿಟ್ಕೊಂಡು ಕಾಲುವೆ ನೀರಲ್ಲಿ ಎದೆ ತನಕ ಇಳಿದಿದ್ಲು. ನಾನು ಅವಳ ಲಂಗ ಹಿಡ್ಕೊಂಡಿದ್ದೆ. ಆ ಮರೆ ಹಿಂದೆ ಪೆನ್ಸಿಲ್ ಹಿಡಿದು ನಿಂತಾಗ ನಂಗೆ ನೀನು ಕಾಣಲ್ಲ ದೇವ್. ಎಸ್ಟೇಟೂ ಕಾಣಲ್ಲ. ನೀರಲ್ಲಿ ನಿಂತಿರೋ ಅಮ್ಮ ಕಾಣ್ತಾಳೆ. ಮತ್ತೆ ಹಾಗಾದ್ರೆ ನಮ್ಮ ಪರ ಯಾರು ನಿಲ್ತಾರೆ ಅನ್ಸುತ್ತೆ. ಇದು ಸರಿ ಅಂತ ಹೇಳ್ತಿಲ್ಲ. ಹಾಗೆ ಅನ್ಸುತ್ತೆ, ಅಷ್ಟೇ."

ದೇವ್ ಬಿಲ್ಲೆಯನ್ನು ತಿರುವುತ್ತ ಕುಳಿತಿದ್ದ.

"ನಮ್ಮ ಆಜಿ ನದಿ ಮೇಲ್ಗಡೆ, ನಿಮ್ಮೋರು ಹೆಚ್ಚಿರೋ ಗಣಿ ಊರಲ್ಲಿದ್ಲು," ಎಂದ ಆಮೇಲೆ. "ಅದೇ ವರ್ಷ. ಅಲ್ಲಿಂದ ಓಡಿ ಬಂದಾಗ ಕೈಲಿ ಒಂದು ತವೆ ಬಿಟ್ರೆ ಏನೂ ಇರ್ಲಿಲ್ಲ. ಜೊತೆಗಿದ್ದ ಇಬ್ಬರ ಹೆಸರನ್ನ ಸಾಯೋ ತನಕ ಬಾಯಿಗೆ ತರ್ಲಿಲ್ಲ. ಪಾ ಅದಕ್ಕೇ ಹಾಗಿದ್ದ. ಅಲ್ವಾ ದೀದಿ?"

ಫೂಲ್ಮತಿ ತಲೆಯಾಡಿಸಿದಳು. ಅಪ್ಪ ತನ್ನೊಂದಿಗೆ ಮಾತು ಬಿಟ್ಟದ್ದು ಸಿಟ್ಟಿನಿಂದ ಎಂದೇ ಅವಳು ಇಷ್ಟು ವರ್ಷ ಅಂದುಕೊಂಡಿದ್ದಳು. ಅವನು ಹೆದರಿರಬಹುದೆಂದು ಹೊಳೆದದ್ದು ಆಗಲೇ. ಹೆದರಿ, ಆ ಹೆದರಿಕೆಯನ್ನು ಮಗಳಿಗೆ ಹೇಳಲಾಗದೆ, ಐದು ವರ್ಷಕ್ಕೊಮ್ಮೆ ಅವಳು ಬದುಕಿದ್ದಾಳೆಯೇ ಎಂದು ತಿರುಗಿ ನೋಡುತ್ತಿದ್ದನೇನೋ. ಅವಳು ಎದ್ದು ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದಳು.

"ಆಡು ಭಾವ, ನಿನ್ನ ಸರದಿ," ಎನ್ನುತ್ತಿದ್ದ ದೇವ್. ವಿಲ್ಮಟ್ ಒಮ್ಮೆ ತಲೆಯೆತ್ತಿ ನೋಡಿದ.

ಕೊನೆಗೆ ಇಂಡಿಯನ್ನರ ಪಕ್ಷವೇ ಗೆದ್ದಿತು. ಎಸ್ಟೇಟಿನ ಒಂದಿಷ್ಟು ಹೊಲಗಳಲ್ಲಿ ಹುಲ್ಲು ಕಡಿಸಿ ಮತ್ತೆ ಕಬ್ಬು ನೆಟ್ಟರು. ದೇವ್ ಟ್ರ್ಯಾಕ್ಟರ್ ಹತ್ತಿದ. ತನ್ನ ಮಗಳನ್ನು ಶಾಲೆಗೆ ಕಳಿಸಿದ; ಮಗನಿಗೆ ವಯಸ್ಸು ಮೀರಿತ್ತು. ಹೋಪ್‌ಡೇಲಿನ ಕೆಲವರಿಗೂ ಕೆಲಸ ಸಿಕ್ಕಿತು, ಹಲವರಿಗೆ ಸಿಗಲಿಲ್ಲ, ವಿಲ್ಮಟ್‌ಗೆ ಸಿಗಲಿಲ್ಲ. ಅದಕ್ಕೆ ಬಣ್ಣ ಕಾರಣವೋ ವಯಸ್ಸು ಕಾರಣವೋ ಎಂದು ಬೆಂಚಿನ ಮೇಲೆ ಮತ್ತೆ ಜಗಳ ಶುರುವಾಯಿತು. ದೇವ್ ಮೊದಲು ಜೋರಾಗಿ ವಾದಿಸಿದ. ಆಮೇಲೊಂದು ದಿನ ತಾನೇ ವಿಲ್ಮಟ್‌ನನ್ನು ಕರೆದುಕೊಂಡು ಎಸ್ಟೇಟಿನ ಕಚೇರಿಗೆ ಹೋಗಿ ಮೂರು ಗಂಟೆ ಕುಳಿತು, ಬರಿಗೈಯಲ್ಲಿ ಬಂದ.

ಕಾಂಪ್ಟನ್ ಮುಂದಿನ ಈಸ್ಟರ್ ನೋಡಿದ, ಅದರ ಮುಂದಿನದನ್ನು ನೋಡಲಿಲ್ಲ. ಒಂದು ಬೆಳಿಗ್ಗೆ ದೂರದಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳಿ, "ದೇವ್ ಗೇರು ಎಷ್ಟು ಕೆಟ್ಟದಾಗಿ ಹಾಕ್ತಾನೆ ನೋಡು," ಎಂದು ನಕ್ಕು, ಉಯ್ಯಾಲೆಯಲ್ಲಿ ಮಗ್ಗುಲಾದವನು ಏಳಲಿಲ್ಲ. ಹೋಪ್‌ಡೇಲ್ ಚರ್ಚಿನ ಮಣ್ಣಿಗೆ ಅವನನ್ನು ಒಯ್ಯುವಾಗ ಪೆಟ್ಟಿಗೆಯ ಮುಂಬದಿಗೆ ದೇವ್ ಮತ್ತು ವಿಲ್ಮಟ್ ಹೆಗಲು ಕೊಟ್ಟರು. ದೇವ್ ಗಿಡ್ಡ, ವಿಲ್ಮಟ್ ಉದ್ದ. ಪೆಟ್ಟಿಗೆ ದಾರಿಯುದ್ದಕ್ಕೂ ಒಂದು ಕಡೆಗೆ ವಾಲಿತ್ತು. ಮಿಸ್ ಯೂಲಲಿ ಫೂಲ್ಮತಿಯ ಕೈ ಹಿಡಿದುಕೊಂಡು ನಡೆದಳು. ಮತಗಟ್ಟೆಯ ಮಾತನ್ನು ಅವಳೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ.

ತಮ್ಮ ತನ್ನ ಮನೆಗೇ ಬಂದಿರು ಎಂದು ಕರೆದ. ಫೂಲ್ಮತಿ ಹೋಗಲಿಲ್ಲ. ಕಾಲುವೆಯ ಬದಿಯ ಆ ಮರದ ಮನೆಯಲ್ಲಿ ಅವಳು ಈಗಲೂ ಇದ್ದಾಳೆ. ಮಾವಿನ ಕಾಲದಲ್ಲಿ ಹೋಪ್‌ಡೇಲಿನ ಹೆಂಗಸರೂ ಕಾನ್‌ಸ್ಟನ್ಸಿನ ಹೆಂಗಸರೂ ಜಾಡಿ ಹಿಡಿದು ಬರುತ್ತಾರೆ. ಕಾಂಪ್ಟನ್ ಹೋದ ಮೇಲೆ ಉಪ್ಪಿನಕಾಯಿಗೆ ಖಾರ ಜಾಸ್ತಿಯಾಗಿದೆ ಎಂದು ಎರಡೂ ಕಡೆಯವರು ದೂರುತ್ತಾರೆ. ಅವನು ಖಾರ ತಿನ್ನುತ್ತಿರಲಿಲ್ಲ, ಅದಕ್ಕೇ ಇಷ್ಟು ವರ್ಷ ಕಮ್ಮಿ ಹಾಕುತ್ತಿದ್ದೆ ಎಂದು ಅವಳು ಅವರಿಗೆ ಹೇಳುತ್ತಾಳೆ.